ಎಕ್ಸ್‌ಚೇಂಜ್‌ನಲ್ಲಿ ಇಟ್ಟ ಕಾಯಿನ್ ಯಾರದು?

2025ರ ಅಕ್ಟೋಬರ್ ಕೊನೆಯಲ್ಲಿ ಮದ್ರಾಸ್ ಹೈಕೋರ್ಟ್‌ನಿಂದ ಒಂದು ಆದೇಶ ಬಂತು. ಮೊತ್ತ ನೋಡಿದರೆ ತೀರಾ ಚಿಕ್ಕ ಕೇಸು. ಒಬ್ಬ ಮಹಿಳೆ 2024ರ ಜನವರಿಯಲ್ಲಿ ಕ್ರಿಪ್ಟೋ ಕರೆನ್ಸಿ ಕೊಳ್ಳುವ, ಮಾರುವ ವಜೀರ್‌ಎಕ್ಸ್ ಎಂಬ ಆನ್‌ಲೈನ್ ಎಕ್ಸ್‌ಚೇಂಜ್‌ನಲ್ಲಿ 1,98,516 ರೂಪಾಯಿ ಕೊಟ್ಟು 3,532.30 ಎಕ್ಸ್‌ಆರ್‌ಪಿ ಕಾಯಿನ್ ಕೊಂಡಿದ್ದರು. ಆರು ತಿಂಗಳಲ್ಲಿ ಎಕ್ಸ್‌ಚೇಂಜ್‌ನಲ್ಲಿ ಕಳ್ಳತನವಾಯಿತು, ಎಲ್ಲರ ಅಕೌಂಟ್‌ಗೂ ಬೀಗ ಬಿತ್ತು, ಇವರದಕ್ಕೂ ಬಿತ್ತು. ಅವರು ಕೋರ್ಟಿಗೆ ಹೋದರು. ಕೋರ್ಟ್ ಹೇಳಿದ್ದು ಇಷ್ಟು: ಕ್ರಿಪ್ಟೋ ಕರೆನ್ಸಿ ಆಸ್ತಿ. ಕೈಯಲ್ಲಿ ಹಿಡಿಯುವಂಥದ್ದಲ್ಲ, ಚಲಾವಣೆಯ ಹಣವೂ ಅಲ್ಲ, ಆದರೂ ಆಸ್ತಿಯೇ. ಅದನ್ನು ಅನುಭವಿಸಬಹುದು, ಹೊಂದಬಹುದು, ಇನ್ನೊಬ್ಬರ ಪರವಾಗಿ ಟ್ರಸ್ಟ್‌ನಲ್ಲಿ ಇಟ್ಟುಕೊಳ್ಳಬಹುದು.

ಭಾರತದಲ್ಲಿ ಕ್ರಿಪ್ಟೋ ಬಗ್ಗೆ ಬಂದ ತೀರ್ಪು, ಆದೇಶಗಳಲ್ಲಿ ಸಾಮಾನ್ಯ ಜನರಿಗೆ ತುಂಬಾ ಮುಖ್ಯವಾದದ್ದು ಇದೇ ಅಂತ ನನಗೆ ಅನ್ನಿಸುತ್ತದೆ. 2020ರ ಸುಪ್ರೀಂ ಕೋರ್ಟ್ ತೀರ್ಪಿಗಿಂತಲೂ. ಎಲ್ಲರಿಗೂ ನೆನಪಿರುವುದು ಆ ತೀರ್ಪೇ, ನಿಜ. ಆದರೆ ಆವತ್ತು ಗೆದ್ದವರು ಯಾರು ಅಂತ ಸರಿಯಾಗಿ ನೋಡಿದವರು ಕಡಿಮೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಲ್ಲಿಂದಲೇ ಶುರು ಮಾಡೋಣ. 2013ರ ಡಿಸೆಂಬರ್‌ನಿಂದಲೇ ರಿಸರ್ವ್ ಬ್ಯಾಂಕ್ ಎಚ್ಚರಿಕೆ ಕೊಡುತ್ತಾ ಬಂದಿತ್ತು, ಕ್ರಿಪ್ಟೋ ಕೊಳ್ಳುವವರು ಅಪಾಯ ತಮ್ಮದೇ ಅಂತ ತಿಳಿದುಕೊಳ್ಳಿ ಎಂದು. 2017ರಲ್ಲಿ ಎರಡು ಸಲ ಮತ್ತೆ ಅದನ್ನೇ ಹೇಳಿತು. 2018ರ ಏಪ್ರಿಲ್ 6ರಂದು ಮಾತು ಬಿಟ್ಟು ಸುತ್ತೋಲೆ ಹೊರಡಿಸಿತು. ಅದರಲ್ಲಿ ಕ್ರಿಪ್ಟೋ ನಿಷೇಧ ಅಂತ ಎಲ್ಲೂ ಇರಲಿಲ್ಲ. ಬ್ಯಾಂಕುಗಳು ಮತ್ತು ತನ್ನ ಹತೋಟಿಯಲ್ಲಿರುವ ಇತರ ಸಂಸ್ಥೆಗಳು ಕ್ರಿಪ್ಟೋ ವ್ಯವಹಾರ ಮಾಡುವವರಿಗೆ ಯಾವ ಸೇವೆಯನ್ನೂ ಕೊಡಬಾರದು, ಈಗಾಗಲೇ ಕೊಡುತ್ತಿದ್ದರೆ ಮೂರು ತಿಂಗಳಲ್ಲಿ ನಿಲ್ಲಿಸಬೇಕು ಎಂದಿತ್ತು, ಅಷ್ಟೇ. ಆದರೆ ಬ್ಯಾಂಕ್ ಖಾತೆ ಇಲ್ಲದೆ ಎಕ್ಸ್‌ಚೇಂಜ್ ನಡೆಸುವುದು ಹೇಗೆ? ಆಗ ದೇಶದ ದೊಡ್ಡ ಎಕ್ಸ್‌ಚೇಂಜ್‌ಗಳಲ್ಲಿ ಒಂದಾಗಿದ್ದ ಜೆಬ್‌ಪೇ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಇಲ್ಲಿನ ವಹಿವಾಟು ನಿಲ್ಲಿಸಿತು. ಕಾಯಿನೆಕ್ಸ್, ಕಾಯಿನ್‌ಡೆಲ್ಟಾ ಮುಂದಿನ ವರ್ಷ ಮುಚ್ಚಿದವು. ಬೆಂಗಳೂರಿನವರಿಗೆ ಅಕ್ಟೋಬರ್ 2018 ನೆನಪಿರಬಹುದು. ಬ್ಯಾಂಕ್ ದಾರಿ ಮುಚ್ಚಿದ ಮೇಲೆ ಯುನೋಕಾಯಿನ್ ಕಂಪನಿ ಹಳೆ ವಿಮಾನ ನಿಲ್ದಾಣ ರಸ್ತೆಯ ಕೆಂಪ್ ಫೋರ್ಟ್ ಮಾಲ್‌ನಲ್ಲಿ ನಗದು ಹಾಕುವ ಒಂದು ಯಂತ್ರ ಇಟ್ಟಿತು. ಸೈಬರ್ ಕ್ರೈಂ ಪೊಲೀಸರು ಯಂತ್ರ ವಶಕ್ಕೆ ತೆಗೆದುಕೊಂಡು ಸಂಸ್ಥಾಪಕರನ್ನು ಬಂಧಿಸಿದರು. ಅನುಮತಿ ಇಲ್ಲ ಅಂತ ಪೊಲೀಸರು. ಯಾರ ಅನುಮತಿ, ಯಾವ ಕಾನೂನಿನ ಕೆಳಗೆ ಅಂತ ಕಂಪನಿ. ಕಾನೂನೇ ಇಲ್ಲದ ಜಾಗದಲ್ಲಿ ಬಂಧನ ನಡೆದರೆ ನಮ್ಮ ಊರಿನಲ್ಲಿ ಹೇಗಿರುತ್ತದೆ ಅಂತ ಆವತ್ತು ಕಂಡಿತು.

ಸುತ್ತೋಲೆಯನ್ನು ಪ್ರಶ್ನಿಸಿ ಇಂಟರ್ನೆಟ್ ಅಂಡ್ ಮೊಬೈಲ್ ಅಸೋಸಿಯೇಷನ್ ಆಫ್ ಇಂಡಿಯಾ ಸುಪ್ರೀಂ ಕೋರ್ಟಿಗೆ ಹೋಯಿತು. ಜೊತೆಗೆ ಕೆಲವು ಎಕ್ಸ್‌ಚೇಂಜ್‌ಗಳೂ ಹೋದವು. ನ್ಯಾಯಮೂರ್ತಿಗಳಾದ ರೋಹಿಂಟನ್ ನಾರಿಮನ್, ಅನಿರುದ್ಧ ಬೋಸ್, ವಿ. ರಾಮಸುಬ್ರಮಣಿಯನ್ ಅವರ ಪೀಠ 2020ರ ಮಾರ್ಚ್ 4ರಂದು ತೀರ್ಪು ಕೊಟ್ಟಿತು. 180 ಪುಟ. ಬರೆದವರು ನ್ಯಾಯಮೂರ್ತಿ ರಾಮಸುಬ್ರಮಣಿಯನ್.

ಆ ದಿನ ಎಲ್ಲೆಡೆ ‘ಕ್ರಿಪ್ಟೋ ಗೆದ್ದಿತು’ ಅಂತ ಸಂಭ್ರಮ. ತೀರ್ಪನ್ನು ಓದಿದರೆ ಬೇರೆಯೇ ಕಾಣುತ್ತದೆ. ಅರ್ಜಿದಾರರ ದೊಡ್ಡ ವಾದ ಏನೆಂದರೆ, ಇದು ಹಣವೇ ಅಲ್ಲ, ಹಾಗಾಗಿ ರಿಸರ್ವ್ ಬ್ಯಾಂಕ್‌ಗೆ ಇದರಲ್ಲಿ ಕೈ ಹಾಕುವ ಅಧಿಕಾರವೇ ಇಲ್ಲ ಎಂಬುದು. ಆ ವಾದ ಸೋತಿತು. ಅಧಿಕಾರ ಇದೆ, ಮುನ್ನೆಚ್ಚರಿಕೆಯಾಗಿಯೂ ಕ್ರಮ ತೆಗೆದುಕೊಳ್ಳಬಹುದು ಎಂದಿತು ಕೋರ್ಟ್. ರಿಸರ್ವ್ ಬ್ಯಾಂಕ್ ಸೋತದ್ದು ಕೊನೆಯ ಒಂದು ಮೆಟ್ಟಿಲಲ್ಲಿ. ಕ್ರಿಪ್ಟೋ ಎಕ್ಸ್‌ಚೇಂಜ್‌ಗಳಿಂದ ಯಾವುದಾದರೂ ಬ್ಯಾಂಕಿಗೆ ನಷ್ಟವಾಗಿದೆಯಾ ಅಂತ ಕೇಳಿದರೆ ಅದರ ಬಳಿ ತೋರಿಸಲು ಏನೂ ಇರಲಿಲ್ಲ. ಕ್ರಿಪ್ಟೋವನ್ನು ನಿಷೇಧಿಸಿಲ್ಲ ಅಂತಲೂ ಅದೇ ಹೇಳುತ್ತಿತ್ತು. ನಿಷೇಧಿಸದ ಒಂದು ವ್ಯಾಪಾರದ ಉಸಿರು ಕಟ್ಟಿಸುವುದು ಅಳತೆ ಮೀರಿದ ಕ್ರಮ, ಸಂವಿಧಾನದ 19(1)(ಜಿ) ವಿಧಿಯ ವ್ಯಾಪಾರ ಮಾಡುವ ಹಕ್ಕಿಗೆ ಧಕ್ಕೆ ಎಂದು ಸುತ್ತೋಲೆ ಬಿದ್ದುಹೋಯಿತು.

ಈಗ ಜನ ದಾಟಿ ಹೋಗುವ ಭಾಗಕ್ಕೆ ಬನ್ನಿ. 19(1)(ಜಿ) ಹಕ್ಕು ಯಾರಿಗೆ ಸಿಗುತ್ತದೆ ಅಂತ ಕೋರ್ಟ್ ಬಿಡಿಸಿ ನೋಡಿತು. ಹವ್ಯಾಸಕ್ಕೆ ಅಂತ ಕೊಂಡು ಮಾರುವವರು ಈ ಹಕ್ಕು ಕೇಳಲಾಗುವುದಿಲ್ಲ, ಅದು ವೃತ್ತಿಯೂ ಅಲ್ಲ, ವ್ಯಾಪಾರವೂ ಅಲ್ಲ. ಅದನ್ನೇ ಕಸುಬು ಮಾಡಿಕೊಂಡವರದು ಬೇರೆ ಲೆಕ್ಕ. ಎಕ್ಸ್‌ಚೇಂಜ್‌ಗಳದು ಇನ್ನೂ ಬೇರೆ, ಅವುಗಳ ಇಡೀ ಬದುಕು ನಿಂತಿರುವುದೇ ಬ್ಯಾಂಕ್ ಖಾತೆಯ ಮೇಲೆ. ಅಂದರೆ ಆ ತೀರ್ಪಿನಲ್ಲಿ ನಿಜವಾಗಿ ಗೆದ್ದದ್ದು ಎಕ್ಸ್‌ಚೇಂಜ್. ಸಂಬಳದಲ್ಲಿ ಸ್ವಲ್ಪ ಉಳಿಸಿ ನಾಲ್ಕು ಕಾಯಿನ್ ತೆಗೆದಿಟ್ಟುಕೊಂಡ ನೀವು, ನಾನು ಅಲ್ಲ. ನಮ್ಮ ಪ್ರಶ್ನೆ ಅಲ್ಲಿ ಯಾರೂ ಕೇಳಿರಲೇ ಇಲ್ಲ. ಅಂಗಡಿ ತೆರೆಯುವ ಹಕ್ಕು ಅಂಗಡಿಯವನಿಗೆ ಸಿಕ್ಕಿತು. ಅಂಗಡಿಯಲ್ಲಿ ನಾವು ಇಟ್ಟ ವಸ್ತುವಿನ ಕಥೆ ಏನು ಎಂಬುದು ಹಾಗೇ ಉಳಿಯಿತು.

ಆಮೇಲೆ ಸರ್ಕಾರ ಏನು ಮಾಡಿತು? 2019ರಲ್ಲೇ ಸುಭಾಷ್ ಚಂದ್ರ ಗರ್ಗ್ ಸಮಿತಿ ಪೂರ್ತಿ ನಿಷೇಧಿಸಿ, ಹತ್ತು ವರ್ಷದವರೆಗೆ ಜೈಲು ಎಂಬ ಕರಡು ಮಸೂದೆ ಕೊಟ್ಟಿತ್ತು. 2021ರ ಚಳಿಗಾಲದ ಅಧಿವೇಶನದ ಪಟ್ಟಿಯಲ್ಲಿ ಕ್ರಿಪ್ಟೋ ಮಸೂದೆಯೊಂದು ಇತ್ತು, ಮಂಡನೆಯಾಗಲೇ ಇಲ್ಲ. ಮಸೂದೆ ಬರುವ ಮೊದಲೇ ತೆರಿಗೆ ಬಂತು. 2022ರ ಏಪ್ರಿಲ್ 1ರಿಂದ ಲಾಭದ ಮೇಲೆ ಶೇ 30, ಜುಲೈ 1ರಿಂದ ಪ್ರತಿ ಮಾರಾಟದಲ್ಲಿ ಶೇ 1 ಟಿಡಿಎಸ್. ಒಂದು ಕಾಯಿನ್‌ನಲ್ಲಿ ಆದ ನಷ್ಟವನ್ನು ಇನ್ನೊಂದು ಕಾಯಿನ್‌ನ ಲಾಭದಲ್ಲಿ ಕಳೆಯುವಂತಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. 2023ರ ಮಾರ್ಚ್‌ನಲ್ಲಿ ಎಕ್ಸ್‌ಚೇಂಜ್‌ಗಳನ್ನು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಕೆಳಗೆ ತಂದರು. ಹಣಕಾಸು ಗುಪ್ತಚರ ಘಟಕ ವಿದೇಶಿ ಎಕ್ಸ್‌ಚೇಂಜ್‌ಗಳಿಗೆ ನೋಟಿಸ್ ಕೊಟ್ಟಿತು, 2024ರಲ್ಲಿ ಬೈನಾನ್ಸ್‌ಗೆ 18.82 ಕೋಟಿ ರೂಪಾಯಿ ದಂಡ ಹಾಕಿತು.

ಇವೆಲ್ಲ ಬೇಕು, ತಪ್ಪಲ್ಲ. ಆದರೆ ಗಮನಿಸಿ, ಎಲ್ಲವೂ ಸರ್ಕಾರಕ್ಕೆ ಬೇಕಾದದ್ದು. ತೆರಿಗೆ ಸರ್ಕಾರಕ್ಕೆ. ಯಾರು ಯಾರಿಗೆ ಕಳಿಸಿದರು ಎಂಬ ಮಾಹಿತಿ ಸರ್ಕಾರಕ್ಕೆ. ಗ್ರಾಹಕರ ಕಾಯಿನ್‌ಗಳನ್ನು ಎಕ್ಸ್‌ಚೇಂಜ್ ಬೇರೆಯಾಗಿ ಇಡಬೇಕಾ, ಕಳುವಾದರೆ ಯಾರು ತುಂಬಿಕೊಡಬೇಕು, ಕಂಪನಿ ಮುಳುಗಿದರೆ ಯಾರು ಮೊದಲು, ಯಾರು ಆಮೇಲೆ, ಇದರ ಬಗ್ಗೆ ಒಂದು ಸಾಲೂ ಇಲ್ಲ.

2024ರ ಜುಲೈ 18ರಂದು ಆ ಒಂದು ಸಾಲು ಇಲ್ಲದ್ದರ ಬೆಲೆ ಗೊತ್ತಾಯಿತು. ವಜೀರ್‌ಎಕ್ಸ್‌ನ ಒಂದು ವಾಲೆಟ್‌ನಿಂದ, ಅಂದರೆ ಕಾಯಿನ್ ಇಡುವ ಡಿಜಿಟಲ್ ಪೆಟ್ಟಿಗೆಯಿಂದ, ಸುಮಾರು 23 ಕೋಟಿ ಡಾಲರ್, ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 2,000 ಕೋಟಿ ರೂಪಾಯಿ ಬೆಲೆಯ ಟೋಕನ್‌ಗಳು ಹೋದವು. ಆ ವಾಲೆಟ್ ಆರು ಕೀಲಿಗಳದ್ದು (ಕೀಲಿ ಅಂದರೆ ಕಾಯಿನ್ ಕಳಿಸಲು ಬೇಕಾದ ಗುಟ್ಟಿನ ಸಂಕೇತ). ಐದು ವಜೀರ್‌ಎಕ್ಸ್ ಕೈಯಲ್ಲಿ, ಒಂದು ಲಿಮಿನಲ್ ಎಂಬ ಕಸ್ಟಡಿ ಕಂಪನಿಯ, ಅಂದರೆ ಬೇರೆಯವರ ಕಾಯಿನ್ ಕಾಯುವ ಕಂಪನಿಯ ಕೈಯಲ್ಲಿ. ಇಷ್ಟೆಲ್ಲ ಬೀಗ ಇದ್ದೂ ಕಳುವಾಯಿತು. ನಂತರ ಎರಡೂ ಕಡೆಯವರು ತಪ್ಪು ನಮ್ಮದಲ್ಲ ಎಂದರು. 2025ರ ಜನವರಿಯಲ್ಲಿ ಅಮೆರಿಕ, ಜಪಾನ್, ದಕ್ಷಿಣ ಕೊರಿಯಾ ಜಂಟಿ ಹೇಳಿಕೆ ಕೊಟ್ಟು ಇದು ಉತ್ತರ ಕೊರಿಯಾದವರ ಕೆಲಸ ಎಂದವು.

ಕಳುವಾದದ್ದು ಇಥೀರಿಯಂ ಮತ್ತು ಅದರ ಜಾಲದ ಮೇಲೆ ಓಡುವ ಟೋಕನ್‌ಗಳು. ಬಿಟ್‌ಕಾಯಿನ್ ಇಟ್ಟವರದು, ಎಕ್ಸ್‌ಆರ್‌ಪಿ ಇಟ್ಟವರದು ಹೋಗಿರಲಿಲ್ಲ. ಆದರೂ ಎಲ್ಲರ ಅಕೌಂಟ್‌ಗೂ ಬೀಗ. ಕಂಪನಿ ಮುಂದಿಟ್ಟ ಪರಿಹಾರ ಏನು ಗೊತ್ತಾ? ನಷ್ಟವನ್ನು ಎಲ್ಲರಿಗೂ ಹಂಚೋಣ ಅಂತ. ಈಗ ತೆರಿಗೆ ಕಾನೂನು ಮತ್ತೆ ನೆನಪಿಸಿಕೊಳ್ಳಿ. ನನ್ನದೇ ಎರಡು ಕಾಯಿನ್‌ಗಳ ಲಾಭ ನಷ್ಟವನ್ನು ನಾನು ಸೇರಿಸುವಂತಿಲ್ಲ, ಒಂದೊಂದೂ ಬೇರೆ ಬೇರೆ ಅಂತ ಸರ್ಕಾರ. ಯಾರದೋ ಕಾಯಿನ್ ಕಳುವಾದರೆ ಅದರ ನಷ್ಟವನ್ನು ನನ್ನ ಕಾಯಿನ್‌ನಿಂದ ಮುರಿದುಕೊಳ್ಳುತ್ತೇನೆ, ಎಲ್ಲವೂ ಒಂದೇ ರಾಶಿ ಅಂತ ಎಕ್ಸ್‌ಚೇಂಜ್. ಲಾಭ ಬಂದಾಗ ನನ್ನದು ಅಂತ ತೆರಿಗೆ ಕಟ್ಟಿಸಿಕೊಂಡರಲ್ಲ, ಕಷ್ಟ ಬಂದಾಗ ಅದು ಹೇಗೆ ಎಲ್ಲರದಾಯಿತು? ಓದುತ್ತಾ ಓದುತ್ತಾ ನನಗೆ ಸಿಟ್ಟು ಬಂದದ್ದು ಇಲ್ಲೇ.

ಇನ್ನೊಂದು ಗೋಜಲು. ಎಕ್ಸ್‌ಚೇಂಜ್‌ನ ಮಾಲೀಕರು ಯಾರು ಎಂಬುದೇ ಜಗಳ. 2019ರಲ್ಲಿ ಬೈನಾನ್ಸ್ ತಾನು ವಜೀರ್‌ಎಕ್ಸ್ ಕೊಂಡೆ ಅಂತ ಘೋಷಿಸಿತ್ತು. 2022ರಲ್ಲಿ ಜಾರಿ ನಿರ್ದೇಶನಾಲಯ ವಜೀರ್‌ಎಕ್ಸ್‌ನ 64.67 ಕೋಟಿ ರೂಪಾಯಿ ಬ್ಯಾಂಕ್ ಹಣವನ್ನು ತಡೆಹಿಡಿದ ಹೊತ್ತಿಗೆ, ಆ ಖರೀದಿ ಪೂರ್ತಿಯೇ ಆಗಿಲ್ಲ ಎಂದಿತು ಬೈನಾನ್ಸ್. ಇಲ್ಲಿನ ವಹಿವಾಟು ನಡೆಸುವುದು ಜನ್ಮಾಯ್ ಲ್ಯಾಬ್ಸ್, ಅದರ ಹಿಂದಿರುವುದು ಸಿಂಗಪುರದ ಜೆಟ್ಟಾಯ್. ಕಳ್ಳತನದ ನಂತರ ಜೆಟ್ಟಾಯ್ ಸಿಂಗಪುರದ ಹೈಕೋರ್ಟಿಗೆ ಹೋಗಿ ಬಾಕಿ ಕೇಳುವವರಿಂದ ರಕ್ಷಣೆ ಕೇಳಿತು, ಸಿಕ್ಕಿತು. ದುಡ್ಡು ಹಾಕಿದವರು ಬೆಂಗಳೂರು, ಚೆನ್ನೈ, ಸೂರತ್, ಪಟ್ನಾದವರು, ತೀರ್ಮಾನ ಮಾತ್ರ ಸಿಂಗಪುರದ್ದು. 2025ರ ಏಪ್ರಿಲ್‌ನಲ್ಲಿ ನೊಂದವರು ನಮ್ಮ ಸುಪ್ರೀಂ ಕೋರ್ಟಿಗೆ ಹೋದಾಗ, ಇದು ನೀತಿಯ ವಿಷಯ, ಸರ್ಕಾರದ ಬಳಿ ಹೋಗಿ ಎಂದು ಅರ್ಜಿ ಕೈಬಿಟ್ಟಿತು. ಮರು ತಿಂಗಳೇ ಬೇರೊಂದು ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟ್, ಬಿಟ್‌ಕಾಯಿನ್ ವ್ಯವಹಾರ ಹವಾಲಾದ ನಯವಾದ ರೂಪದಂತಿದೆ, ಸರ್ಕಾರ ಯಾಕೆ ಸ್ಪಷ್ಟ ನೀತಿ ತರುತ್ತಿಲ್ಲ ಎಂದು ಕೇಳಿತು. ಸರ್ಕಾರದತ್ತ ಕೋರ್ಟ್ ನೋಡುತ್ತದೆ, ಸರ್ಕಾರ ಸಮಾಲೋಚನೆ ನಡೆಯುತ್ತಿದೆ ಅನ್ನುತ್ತದೆ, ಮಧ್ಯದಲ್ಲಿ ಜನ.

ಸಿಂಗಪುರದಲ್ಲಿ ಒಮ್ಮೆ ಯೋಜನೆ ತಿರಸ್ಕಾರವಾಗಿ, ತಿದ್ದಿ ಮತ್ತೆ ಮತ ಹಾಕಿಸಿ, 2025ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಮತ ಹಾಕಿದವರಲ್ಲಿ ಶೇ 95ಕ್ಕಿಂತ ಜಾಸ್ತಿ ಜನ ಹೂಂ ಅಂದಿದ್ದರು. ಅವರನ್ನು ನಾನು ದೂರುವುದಿಲ್ಲ. ವರ್ಷಕ್ಕಿಂತ ಹೆಚ್ಚು ಕಾಲ ದುಡ್ಡು ಸಿಕ್ಕಿಹಾಕಿಕೊಂಡಿದ್ದಾಗ ಒಂದಿಷ್ಟು ಈಗ, ಉಳಿದದ್ದಕ್ಕೆ ಮುಂದೆ ಕೊಡುವ ಟೋಕನ್ ಅಂದರೆ ಯಾರಾದರೂ ಒಪ್ಪುತ್ತಾರೆ.

ಈ ಹೊತ್ತಿಗೇ ಮದ್ರಾಸ್ ಆದೇಶ ಬಂದದ್ದು. ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರ ಮುಂದೆ ಕಂಪನಿಯ ವಾದ ಹೀಗಿತ್ತು: ಒಪ್ಪಂದದ ಪ್ರಕಾರ ಮಧ್ಯಸ್ಥಿಕೆ ಸಿಂಗಪುರದಲ್ಲಿ, ಇಲ್ಲಿನ ಕೋರ್ಟಿಗೆ ಇದರಲ್ಲಿ ಕೆಲಸವಿಲ್ಲ, ಸಿಂಗಪುರದ ಯೋಜನೆ ಎಲ್ಲರಿಗೂ ಅನ್ವಯ. ನ್ಯಾಯಮೂರ್ತಿಗಳು ಒಪ್ಪಲಿಲ್ಲ. ದುಡ್ಡು ಹೋದದ್ದು ಚೆನ್ನೈನ ಬ್ಯಾಂಕ್ ಖಾತೆಯಿಂದ, ಆ್ಯಪ್ ಬಳಸಿದ್ದು ಇಲ್ಲಿಂದ, ಹಾಗಾಗಿ ಮಧ್ಯಸ್ಥಿಕೆ ಕಾಯ್ದೆಯ 9ನೇ ಸೆಕ್ಷನ್ ಕೆಳಗೆ ಮಧ್ಯಂತರ ರಕ್ಷಣೆ ಕೊಡಲು ಇಲ್ಲಿನ ಕೋರ್ಟಿಗೆ ಅಧಿಕಾರವಿದೆ ಎಂದರು. ಅಲ್ಲದೆ ಭಾರತದಲ್ಲಿ ನೋಂದಾಯಿಸಿಕೊಂಡು ವ್ಯವಹಾರ ಮಾಡುತ್ತಿದ್ದದ್ದು ಜನ್ಮಾಯ್, ಸಿಂಗಪುರದ ಕಂಪನಿ ಅಲ್ಲ. ಕಳುವಾದ ಟೋಕನ್‌ಗಳೇ ಬೇರೆ, ಈ ಮಹಿಳೆಯ ಎಕ್ಸ್‌ಆರ್‌ಪಿಯೇ ಬೇರೆ. 9.56 ಲಕ್ಷ ರೂಪಾಯಿಗೆ ರಕ್ಷಣೆ ಸಿಕ್ಕಿತು.

ಇಲ್ಲಿ ಅವರು ಆಧಾರವಾಗಿ ತೆಗೆದುಕೊಂಡ ನ್ಯೂಜಿಲೆಂಡ್ ತೀರ್ಪಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಕ್ರಿಪ್ಟೋಪಿಯಾ ಅಂತ ಕ್ರೈಸ್ಟ್‌ಚರ್ಚ್‌ನ ಎಕ್ಸ್‌ಚೇಂಜ್. 2019ರ ಜನವರಿಯಲ್ಲಿ ಹ್ಯಾಕ್ ಆಯಿತು, ಮೇನಲ್ಲಿ ಮುಚ್ಚಿತು. ಉಳಿದ ಕಾಯಿನ್‌ಗಳು ಯಾರಿಗೆ, ಖಾತೆದಾರರಿಗಾ ಅಥವಾ ಕಂಪನಿಗೆ ಸಾಲ ಕೊಟ್ಟವರಿಗಾ? 2020ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿ ಜೆಂಡಾಲ್ ಹೇಳಿದರು, ಕಾಯಿನ್ ಆಸ್ತಿ, ಕಂಪನಿ ಅದನ್ನು ಖಾತೆದಾರರ ಪರವಾಗಿ ಟ್ರಸ್ಟ್‌ನಲ್ಲಿ ಇಟ್ಟುಕೊಂಡಿತ್ತು. ಒಂದೇ ಟ್ರಸ್ಟ್ ಅಲ್ಲ, ಒಂದೊಂದು ಬಗೆಯ ಕಾಯಿನ್‌ಗೂ ಒಂದೊಂದು. ಬ್ಯಾಂಕಿನಲ್ಲಿ ಠೇವಣಿ ಇಟ್ಟರೆ ಆ ಹಣ ಬ್ಯಾಂಕಿನದು, ನೀವು ಅದಕ್ಕೆ ಸಾಲ ಕೊಟ್ಟವರು. ಲಾಕರ್‌ನಲ್ಲಿಟ್ಟ ಬಳೆ ನಿಮ್ಮದೇ. ಕಾಯಿನ್ ಎರಡನೆಯ ಬಗೆಯದು ಎಂದಂತಾಯಿತು.

ಎಲ್ಲ ಕಡೆಯೂ ಹೀಗೇ ಆಗಿಲ್ಲ, ಅದನ್ನೂ ಹೇಳಬೇಕು. ಅಮೆರಿಕದಲ್ಲಿ ಸೆಲ್ಸಿಯಸ್ ಎಂಬ ಕ್ರಿಪ್ಟೋ ಕಂಪನಿ ದಿವಾಳಿಯಾದಾಗ, 2023ರ ಜನವರಿಯಲ್ಲಿ ನ್ಯಾಯಾಧೀಶ ಮಾರ್ಟಿನ್ ಗ್ಲೆನ್ ಉಲ್ಟಾ ತೀರ್ಮಾನಕ್ಕೆ ಬಂದರು. ಬಡ್ಡಿ ಕೊಡುವ ಖಾತೆಗಳಲ್ಲಿದ್ದ ಸುಮಾರು 420 ಕೋಟಿ ಡಾಲರ್ ಬೆಲೆಯ ಕ್ರಿಪ್ಟೋ ಕಂಪನಿಯದು, ಜನರದಲ್ಲ. ಯಾಕೆ? ಜನ ಓದದೆ ‘ಒಪ್ಪಿದೆ’ ಅಂತ ಒತ್ತಿದ ಷರತ್ತುಗಳಲ್ಲಿ ಮಾಲೀಕತ್ವ ಕಂಪನಿಗೆ ಹೋಗುತ್ತದೆ ಅಂತ ಬರೆದಿತ್ತು. ಲಕ್ಷಾಂತರ ಜನ ಸರತಿಯ ಕೊನೆಗೆ ಬಿದ್ದರು.

ನಮ್ಮಲ್ಲೂ ‘ಕೈಯಲ್ಲಿದೆ’ ಎನ್ನುವುದಕ್ಕೆ ಅರ್ಥ ಏನು ಅಂತ ಒಂದು ಪಾಠ ಆಗಿತ್ತು, ಬೆಂಗಳೂರಿನಲ್ಲೇ. 2021ರ ಜನವರಿಯಲ್ಲಿ ಸಿಸಿಬಿ ಪೊಲೀಸರು ಒಬ್ಬ ಹ್ಯಾಕರ್‌ನಿಂದ ಸುಮಾರು 9 ಕೋಟಿ ರೂಪಾಯಿ ಬೆಲೆಯ 31 ಬಿಟ್‌ಕಾಯಿನ್ ವಶಪಡಿಸಿಕೊಂಡಿದ್ದೇವೆ ಎಂದರು. ಆಮೇಲೆ ವಾಲೆಟ್ ತೆರೆದು ನೋಡಿದರೆ ಅಲ್ಲಿ 186.811 ಕಾಯಿನ್ ಕಾಣುತ್ತಿತ್ತು. ಅದು ಒಂದು ಎಕ್ಸ್‌ಚೇಂಜ್‌ನ ಚಾಲ್ತಿಯಲ್ಲಿರುವ ವಾಲೆಟ್, ಆರೋಪಿಯ ಬಳಿ ಅದರ ಖಾಸಗಿ ಕೀಲಿಯೇ ಇರಲಿಲ್ಲ ಅಂತ ಪೊಲೀಸರೇ ಆ ವರ್ಷ ನವೆಂಬರ್‌ನಲ್ಲಿ ಹೇಳಿಕೆ ಕೊಟ್ಟರು. ಆ ಪ್ರಕರಣದ ರಾಜಕೀಯ ಇಲ್ಲಿ ಬೇಡ. ನನಗೆ ಬೇಕಾದದ್ದು ಒಂದೇ. ಪರದೆ ಮೇಲೆ ಸಂಖ್ಯೆ ಕಂಡಿತು, ಕೈಗೆ ಸಿಕ್ಕಿತು ಅಂತ ಪೊಲೀಸರೇ ಅಂದುಕೊಂಡರು. ಎಕ್ಸ್‌ಚೇಂಜ್ ಆ್ಯಪ್ ತೆರೆದು ನಮ್ಮ ಕಾಯಿನ್ ನೋಡುವಾಗ ನಾವು ನೋಡುತ್ತಿರುವುದೂ ಒಂದು ಸಂಖ್ಯೆಯನ್ನೇ. ಕೀಲಿ ಬೇರೆಯವರ ಬಳಿ ಇದೆ. ಕೀಲಿ ಅವರ ಬಳಿ ಇದ್ದರೂ ವಸ್ತು ನಿಮ್ಮದೇ ಅಂತ ಕಾನೂನು ಹೇಳಬೇಕು. ಮದ್ರಾಸ್ ಆದೇಶ ಹೇಳಿದ್ದು ಅದನ್ನೇ, ಅದಕ್ಕೇ ಅದು ನನಗೆ ಅಷ್ಟು ದೊಡ್ಡದು.

ಆದರೆ ಅದರ ಮಿತಿಯೂ ಗೊತ್ತಿರಲಿ. ಅದು ಮಧ್ಯಂತರ ಆದೇಶ. ಒಬ್ಬರ ಅರ್ಜಿಯ ಮೇಲೆ ಒಬ್ಬ ನ್ಯಾಯಮೂರ್ತಿ ಕೊಟ್ಟದ್ದು. ಕರ್ನಾಟಕ ಹೈಕೋರ್ಟ್ ಅದನ್ನು ಗೌರವದಿಂದ ನೋಡಬಹುದು, ಆದರೆ ಅದಕ್ಕೆ ಕಟ್ಟುಬೀಳಬೇಕಿಲ್ಲ. ಮತ್ತೆ ಎರಡು ಲಕ್ಷದ ಕಾಯಿನ್‌ಗೆ ಹೈಕೋರ್ಟ್ ಮೆಟ್ಟಿಲು ಹತ್ತುವ ಧೈರ್ಯ, ಖರ್ಚು ಎಷ್ಟು ಜನರಿಗೆ ಸಾಧ್ಯ? ಕಂಪನಿಗಳು ಮಾಡಬಲ್ಲವು. ನಮ್ಮ ಬೆಂಗಳೂರಿನ ಕಾಯಿನ್‌ಸ್ವಿಚ್ ತನ್ನದೂ ವಜೀರ್‌ಎಕ್ಸ್‌ನಲ್ಲಿ ಸಿಕ್ಕಿಹಾಕಿಕೊಂಡಿತು ಅಂತ ಕಾನೂನು ಹೋರಾಟಕ್ಕೆ ಇಳಿಯಿತು. ಹತ್ತು ಸಾವಿರ ಹಾಕಿದ ವಿದ್ಯಾರ್ಥಿ ಏನು ಮಾಡಬೇಕು?

ಅದಕ್ಕೆ ಬೇಕಿರುವುದು ಸಂಸತ್ತಿನ ಕಾನೂನು, ಉದ್ದವೇನೂ ಬೇಡ. ಬ್ರಿಟನ್ 2025ರ ಡಿಸೆಂಬರ್‌ನಲ್ಲಿ ಡಿಜಿಟಲ್ ಆಸ್ತಿ ಕಾಯ್ದೆ ತಂದಿದೆ, ಅದರ ಮುಖ್ಯ ಭಾಗ ಕೆಲವೇ ಸಾಲು. ಒಂದು ವಸ್ತು ಆಸ್ತಿಯ ಹಳೆಯ ಎರಡು ವರ್ಗಗಳಿಗೆ (ಕೈಯಲ್ಲಿ ಹಿಡಿಯುವ ವಸ್ತು, ಸಾಲದಂತೆ ಕೋರ್ಟಿನ ಮೂಲಕ ಕೇಳಬಹುದಾದ ಹಕ್ಕು) ಸೇರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಅದರ ಮೇಲೆ ಆಸ್ತಿಯ ಹಕ್ಕು ಇಲ್ಲ ಅನ್ನುವಂತಿಲ್ಲ, ಇಷ್ಟೇ. ನಮ್ಮಲ್ಲಿ ಇದರ ಜೊತೆಗೆ ಇನ್ನೆರಡು ವಿಷಯ ಸೇರಿದರೆ ಸಾಕು. ಗ್ರಾಹಕರ ಕಾಯಿನ್ ಕಂಪನಿಯದರಿಂದ ಬೇರೆ ಇರಬೇಕು. ಷರತ್ತುಗಳಲ್ಲಿ ಏನೇ ಬರೆದಿದ್ದರೂ ಆ ಮಾಲೀಕತ್ವ ಕದಲಬಾರದು. ಕ್ರಿಪ್ಟೋ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಮುಗಿಯುವವರೆಗೆ ಇದಕ್ಕೆ ಕಾಯಬೇಕಿಲ್ಲ. ಶೇ 30 ತೆರಿಗೆಗೆ ಕಾಯಲಿಲ್ಲ, ಅಲ್ವಾ?

ಈಗಲೇ ಮಾಡಬಹುದಾದ ಒಂದು ಕೆಲಸ ಇದೆ. ನೀವು ಬಳಸುವ ಎಕ್ಸ್‌ಚೇಂಜ್‌ನ ಷರತ್ತುಗಳನ್ನು ತೆರೆದು, ಕಾಯಿನ್‌ನ ಮಾಲೀಕತ್ವ ಮತ್ತು ಕಸ್ಟಡಿ ಬಗ್ಗೆ ಇರುವ ಸಾಲುಗಳನ್ನು ಹುಡುಕಿ ಓದಿ. ವ್ಯಾಜ್ಯವಾದರೆ ಯಾವ ದೇಶದಲ್ಲಿ ನಡೆಯುತ್ತದೆ ಅಂತಲೂ ಅಲ್ಲೇ ಬರೆದಿರುತ್ತದೆ. ಸ್ಟೇಕಿಂಗ್ (ಕಾಯಿನ್ ಕಟ್ಟಿಟ್ಟು ಪ್ರತಿಫಲ ಪಡೆಯುವುದು), ಬಡ್ಡಿ ಖಾತೆ ಅಂತ ಇದ್ದರೆ ಅದರ ಷರತ್ತು ಬೇರೆ ಇರುತ್ತದೆ, ಅದನ್ನೂ ಬಿಡಬೇಡಿ. ಆ ಪುಟಗಳನ್ನು ದಿನಾಂಕ ಸಮೇತ ಉಳಿಸಿಟ್ಟುಕೊಳ್ಳಿ, ಹಣ ಕಟ್ಟಿದ ಬ್ಯಾಂಕ್ ದಾಖಲೆಯನ್ನೂ. ಷರತ್ತುಗಳು ಆಗಾಗ ಬದಲಾಗುತ್ತವೆ. ಸೆಲ್ಸಿಯಸ್ ಕೇಸಿನಲ್ಲೂ ಕೋರ್ಟ್ ಒಂದಾದ ಮೇಲೊಂದು ಬಂದ ಷರತ್ತುಗಳ ಆವೃತ್ತಿಗಳನ್ನು ಕೂತು ಓದಬೇಕಾಯಿತು. ಮದ್ರಾಸ್ ಕೇಸಿನಲ್ಲಿ ಇಲ್ಲಿನ ಕೋರ್ಟಿನ ಬಾಗಿಲು ತೆರೆದದ್ದಕ್ಕೆ ಒಂದು ಕಾರಣ, ಹಣ ಯಾವ ಊರಿನ ಬ್ಯಾಂಕ್ ಖಾತೆಯಿಂದ ಹೋಗಿತ್ತು ಎಂಬ ದಾಖಲೆ.